ನನ್ನ ಅಡುಗೆಯಿಂದ ಮಗನ ಮನಸ್ಸು ಕೆಟ್ಟಿತೇ?

ಪ್ರಶ್ನೆ: ನನ್ನ ಮಗನಿಗೆ 31 ವರ್ಷ. ಐದು ವರ್ಷದ ಹಿಂದೆ ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಮನೋರೋಗ) ಎಂದು ವೈದ್ಯರು ಹೇಳಿದರು. ಲಿಥಿಯಂ ಮತ್ತು ಓಲಾಂಜಪೈನ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಮೂರು ವರ್ಷದಿಂದ ಆರಾಮವಾಗಿದ್ದಾನೆ, ಅಂಗಡಿ ನೋಡಿಕೊಳ್ಳುತ್ತಾನೆ. ಆದರೆ ತೂಕ 14 ಕಿಲೊ ಏರಿದೆ. ಹತ್ತು ದಿನದಿಂದ, ಸಂಬಂಧಿಕರೊಬ್ಬರ ಮಾತು ಕೇಳಿ, ಉಪ್ಪು, ಹಾಲು, ಚಹಾ ಪೂರ್ತಿ ಬಿಟ್ಟಿದ್ದಾನೆ. ಎರಡು ಹೊತ್ತು ಸಿರಿಧಾನ್ಯದ ಗಂಜಿ, ತರಕಾರಿ ರಸ. ಸೋಮವಾರ ನೀರನ್ನೂ ಮುಟ್ಟದ ಉಪವಾಸ. ಮೂರು ತಿಂಗಳು ಹೀಗೆ ಮಾಡಿದರೆ ಮಾತ್ರೆಯನ್ನೇ ಬಿಡಬಹುದಂತೆ. ನಮ್ಮದು ಸಸ್ಯಾಹಾರಿ ಮನೆ. ಖಾರ, ಎಣ್ಣೆ ಮುಂದಾಗಿಯೇ ಅಡುಗೆ ಮಾಡಿಕೊಂಡು ಬಂದವಳು ನಾನು. ಪಿತ್ತ ನೆತ್ತಿಗೇರಿ ಹೀಗಾಯಿತು ಎಂದು ಎಲ್ಲರೂ ಅನ್ನುತ್ತಾರೆ. ನನ್ನ ಅಡುಗೆಯಿಂದಲೇ ಹೀಗಾಯಿತೇ? ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಹೋಳಿಗೆ ಬೇಕು ಎಂದಿದ್ದಾನೆ. ಮಾಡಬಹುದೇ?
– ಗದಗ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಅಮ್ಮ, ಉಳಿದ ಮಾತೆಲ್ಲ ಆಮೇಲೆ. ಇದನ್ನು ಓದಿದ ಹೊತ್ತಿನಿಂದಲೇ ಮಗನ ಊಟಕ್ಕೆ ಮೊದಲು ಹಾಕುತ್ತಿದ್ದಷ್ಟೇ ಉಪ್ಪು ಹಾಕಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ನೀರು ಕುಡಿಯದ ಉಪವಾಸವನ್ನು ಇಂದಿಗೇ ನಿಲ್ಲಿಸಿ. ನಾಳೆ ಬೆಳಿಗ್ಗೆ ಅವನ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಆದ್ದರಿಂದ ಬೆಳಗಿನ ಮಾತ್ರೆ ಇದ್ದರೆ ಅದನ್ನು ರಕ್ತ ಕೊಟ್ಟ ನಂತರ ಕೊಡಿ. ಕೈ ದೊಡ್ಡದಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ನಡೆಯುವಾಗ ಓಲಾಡುವುದು, ಮಂಕು ಕವಿದಂತಿರುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ನಾಳೆಯವರೆಗೆ ಕಾಯಬೇಡಿ. ಮುಂದಿನ ಲಿಥಿಯಂ ಮಾತ್ರೆ ಕೊಡದೆ, ಮಾತ್ರೆಯ ಚೀಟಿ ಹಿಡಿದುಕೊಂಡು ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಹೆದರಿಸಲು ಹೀಗೆ ಬರೆಯುತ್ತಿಲ್ಲ. ಲಿಥಿಯಂ ಮಾತ್ರೆಗೂ ಅಡುಗೆಯ ಉಪ್ಪಿಗೂ ಹತ್ತಿರದ ನಂಟಿದೆ. ಎರಡೂ ಲವಣಗಳೇ. ಮೂತ್ರಪಿಂಡಕ್ಕೆ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಲಿಥಿಯಂ ನಡುವಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ದೇಹಕ್ಕೆ ಉಪ್ಪು ಸಾಲದಾದಾಗ ಅದು ಸೋಡಿಯಂ ಅನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಾತ್ರೆಯ ಲೆಕ್ಕ ಬದಲಾಗದಿದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸಾಮಾನ್ಯವಾಗಿ ಆ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರುವಂತೆ ನೋಡಿಕೊಳ್ಳುತ್ತೇವೆ. 1.5 ದಾಟಿತೆಂದರೆ ವಿಷವಾಗತೊಡಗುತ್ತದೆ. ಔಷಧಕ್ಕೂ ವಿಷಕ್ಕೂ ಇಷ್ಟು ಕಡಿಮೆ ಅಂತರವಿರುವ ಮಾತ್ರೆಗಳು ನಮ್ಮಲ್ಲಿ ಹೆಚ್ಚಿಲ್ಲ. ನೀರಡಿಕೆಯಿಂದ ದೇಹ ಒಣಗಿದರೂ ಇದೇ ಗತಿ. ಚಹಾ, ಕಾಫಿಯಲ್ಲಿರುವ ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ. ದಿನಾ ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮಟ್ಟ ಮತ್ತಷ್ಟು ಮೇಲೇರುತ್ತದೆ. ಅಂದರೆ ಉಪ್ಪು, ನೀರು, ಚಹಾ ಮೂರನ್ನೂ ಒಟ್ಟಿಗೆ ಬಿಡಿಸಿದ ಆ ಪಥ್ಯ, ಹೇಳಿದವರಿಗೆ ಅರಿವಿಲ್ಲದೆಯೇ, ಮೂರು ಕಡೆಯಿಂದಲೂ ಅಪಾಯವನ್ನು ಮನೆಯೊಳಗೆ ಕರೆದಿದೆ.

ಇದು ಹಳೆಯ ಪಾಠ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಉಪ್ಪಿನ ಬದಲಿಗೆಂದು ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ಉಪ್ಪು ಬಿಟ್ಟವರು ರುಚಿಗಾಗಿ ಅದನ್ನೇ ಊಟದ ಮೇಲೆ ಉದುರಿಸಿಕೊಂಡರು. ಕೆಲವರು ಸತ್ತರು, 1949ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯಲಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಉನ್ಮಾದದ ರೋಗಿಗಳು ಲಿಥಿಯಂನಿಂದ ಶಾಂತರಾದದ್ದನ್ನು ಪ್ರಕಟಿಸಿದರು. ಒಂದೇ ವಸ್ತು, ಒಂದೇ ವರ್ಷ. ಅಳತೆಯಿಲ್ಲದೆ ತಿಂದವರ ಜೀವ ತೆಗೆಯಿತು, ಅಳತೆಯಲ್ಲಿ ಕೊಟ್ಟಾಗ ಜೀವನವನ್ನು ಹಿಂದಕ್ಕೆ ತಂದುಕೊಟ್ಟಿತು. ನಿಮ್ಮ ಮಗ ಮೂರು ವರ್ಷದಿಂದ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಿರುವುದರಲ್ಲಿ ಈ ಮಾತ್ರೆಯ ಪಾಲು ದೊಡ್ಡದು. ಥಟ್ಟನೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಬಹಳ ಹೆಚ್ಚು. ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಮೂರು ತಿಂಗಳ ಗಂಜಿಯಿಂದ ಮಾತ್ರೆ ಬಿಡಿಸುತ್ತೇನೆ ಎನ್ನುವವರು ಯಾರೇ ಆಗಲಿ, ಎಷ್ಟೇ ಪ್ರೀತಿಯಿಂದ ಹೇಳಲಿ, ಆ ಮಾತನ್ನು ದಯವಿಟ್ಟು ಕೇಳಬೇಡಿ.

ಇನ್ನು ನಿಮ್ಮನ್ನು ನಿದ್ದೆಗೆಡಿಸಿರುವ ಪ್ರಶ್ನೆ. ಇಲ್ಲ, ನಿಮ್ಮ ಅಡುಗೆಯಿಂದ ಅವನಿಗೆ ಈ ಕಾಯಿಲೆ ಬಂದಿಲ್ಲ. ಖಾರ, ಎಣ್ಣೆ, ಬದನೆಕಾಯಿ, ಹುಳಿ, ಯಾವುದರಿಂದಲೂ ಬೈಪೋಲಾರ್ ಕಾಯಿಲೆ ಬರುವುದಿಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರ ಬಹಳ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳಿಂದ ಚೆನ್ನಾಗಿ ಗೊತ್ತಾಗಿದೆ. ಅದೂ ಯಾರ ತಪ್ಪಲ್ಲ. ಪಿತ್ತ ನೆತ್ತಿಗೇರುವುದು ಎಂಬ ಮಾತು ನಮ್ಮ ಭಾಷೆಯಲ್ಲಿ ಬೇರೂರಿದೆ. ಕಾಯಿಲೆಯ ಕಾರಣ ತಿಳಿಯದ ಕಾಲದಲ್ಲಿ ಕಣ್ಣಿಗೆ ಕಂಡ ಕೋಪ, ನಿದ್ದೆಗೇಡು, ಬಡಬಡಿಕೆಗೆ ಹಿರಿಯರು ಕೊಟ್ಟ ವಿವರಣೆ ಅದು. ಆದರೆ ಅದನ್ನು ಇಂದು ಒಬ್ಬ ತಾಯಿಯ ಒಲೆಯ ಮೇಲೆ ಹೊರಿಸುವುದು ಅನ್ಯಾಯ. ನನ್ನ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು ನಿಮ್ಮದೇ ಪ್ರಶ್ನೆ ಕೇಳಿದ ತಾಯಂದಿರು ಎಷ್ಟೋ ಮಂದಿ. ತಂದೆಯೊಬ್ಬರು ಹೀಗೆ ಕೇಳಿದ್ದು ನನಗೆ ನೆನಪಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಕಾಯಿಲೆ ಶುರುವಾಗುವ ಮೊದಲೇ ಅವನ ಊಟ ಬದಲಾಗಿತ್ತಲ್ಲವೇ? ಹೆಚ್ಚಿನ ಮನೆಗಳಲ್ಲಿ ಹೇಳುವುದು ಹೀಗೆ: ‘ಊಟ ಸರಿಯಾಗಿ ಮಾಡುತ್ತಿರಲಿಲ್ಲ, ಅದಕ್ಕೇ ತಲೆ ಕೆಟ್ಟಿತು.’ ನಿಜವಾಗಿ ಆಗುವುದು ತಿರುಗಾಮುರುಗಾ. ಖಿನ್ನತೆ ಒಳಗೊಳಗೇ ಹತ್ತಿಕೊಂಡಾಗ ಮೊದಲು ಹೋಗುವುದು ನಿದ್ದೆ ಮತ್ತು ಹಸಿವು. ಉನ್ಮಾದ ಏರುವಾಗ ಊಟಕ್ಕೆ ಕೂರುವ ವ್ಯವಧಾನವೇ ಇರುವುದಿಲ್ಲ. ಊಟ ಬಿಟ್ಟದ್ದು ಕಾಯಿಲೆಯ ಕಾರಣವಾಗಿರಲಿಲ್ಲ, ಅದರ ಮೊದಲ ಗುರುತಾಗಿತ್ತು. ಆಹಾರ ಮತ್ತು ಮನೋರೋಗದ ಬಗ್ಗೆ ಬರುವ ಎಷ್ಟೋ ಸುದ್ದಿಗಳು ಎಡವುವುದು ಇಲ್ಲಿಯೇ. ಖಿನ್ನತೆ ಇರುವವರು ಬೇಕರಿ ತಿಂಡಿ ಹೆಚ್ಚು ತಿನ್ನುತ್ತಾರೆ ಎಂದು ಕಂಡುಬಂದರೆ, ಬೇಕರಿ ತಿಂಡಿಯಿಂದ ಖಿನ್ನತೆ ಬಂತು ಎಂದು ಬರೆದುಬಿಡುತ್ತಾರೆ. ಒಲೆ ಹಚ್ಚಲು ಕೈ ಏಳದವರು ಅಂಗಡಿಯ ಪೊಟ್ಟಣ ಬಿಚ್ಚುತ್ತಾರೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಹಾಗಾದರೆ ಊಟಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲವೇ? ಇದೆ. ಕೆಲವು ಕಡೆ ಅದು ಕಬ್ಬಿಣದಷ್ಟು ಗಟ್ಟಿ, ಕೆಲವು ಕಡೆ ನೂಲಿನಷ್ಟು ತೆಳು.

ಗಟ್ಟಿಯಾದದ್ದನ್ನು ಮೊದಲು ಹೇಳುತ್ತೇನೆ. ಪೋಷಕಾಂಶದ ಕೊರತೆಯೇ ಮನೋರೋಗದ ವೇಷ ಹಾಕಿಕೊಂಡು ಬರುವುದುಂಟು. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ ಪೆಲಾಗ್ರ ಎಂಬ ಕಾಯಿಲೆಯವರು ತುಂಬಿದ್ದರು: ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಅಂಟುರೋಗವೆಂದೇ ಎಲ್ಲರೂ ನಂಬಿದ್ದರು. 1914ರಲ್ಲಿ ಸರ್ಕಾರ ಕಳುಹಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಒಂದು ಸರಳ ಸಂಗತಿಯನ್ನು ಕಂಡರು: ರೋಗಿಗಳ ಜೊತೆಗೇ ದಿನವಿಡೀ ಇರುವ ನರ್ಸುಗಳಿಗೆ, ಸಿಬ್ಬಂದಿಗೆ ಅದು ಬರುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ರೋಗಿಗಳಿಗೆ ಹೆಚ್ಚಾಗಿ ಮೆಕ್ಕೆಜೋಳ. ಸಿಬ್ಬಂದಿಗೆ ಹಾಲು, ಮೊಟ್ಟೆ, ಮಾಂಸ. ಕೊರತೆಯಾದದ್ದು ನಯಾಸಿನ್ ಎಂಬ ಜೀವಸತ್ವದ್ದು ಎಂದು 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ತೋರಿಸಿಕೊಟ್ಟರು.

ಈ ಕಥೆ ನಮ್ಮ ದಖ್ಖನಿನ ನೆಲಕ್ಕೂ ಬಂದಿದೆ. ಹೈದರಾಬಾದಿನಲ್ಲಿ ಪೋಷಣ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಿಯ, ಬಿಳಿಜೋಳವನ್ನೇ ನಂಬಿ ಬದುಕುವ ಬಡವರಲ್ಲಿ ಪೆಲಾಗ್ರ ಕಾಣುವುದನ್ನು 1960ರಲ್ಲಿ ಪ್ರಕಟಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ, ದೇಹ ನಯಾಸಿನ್ ತಯಾರಿಸಿಕೊಳ್ಳುವುದಕ್ಕೆ ಅಡ್ಡಬರುತ್ತದೆ ಎಂಬುದು ಅವರ ವಾದ. ಇದನ್ನು ಓದಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಬೇಡಿ! ರೊಟ್ಟಿಯೊಂದೇ ಊಟವಾದಾಗ ಮಾತ್ರ ಆ ತೊಂದರೆ. ರೊಟ್ಟಿಯ ಪಕ್ಕದಲ್ಲಿ ನೀವು ಹಾಕುವ ಶೇಂಗಾ ಚಟ್ನಿಪುಡಿ ಇದೆಯಲ್ಲ, ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಕಾಳುಪಲ್ಯ, ಮೊಸರು ಜೊತೆಗಿದ್ದರೆ ಹೆದರುವ ಕಾರಣವೇ ಇಲ್ಲ. ಇವತ್ತು ಪೆಲಾಗ್ರ ಕಾಣುವುದು ಹೆಚ್ಚಾಗಿ ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ: ಕೊರಳ ಸುತ್ತ ಹಾರ ಹಾಕಿದಂತೆ ಕಪ್ಪು ಪಟ್ಟಿ, ಅಂಗೈ ಹಿಂಭಾಗದಲ್ಲಿ ಸುಟ್ಟಂತಹ ಚರ್ಮ. ಕುಡಿತದವರಲ್ಲಿ ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ಆಗುವ ಗೊಂದಲ, ಮರೆವು ಇನ್ನೂ ಅಪಾಯಕಾರಿ. ಗಂಟೆಗಳ ಲೆಕ್ಕದಲ್ಲಿ ಇಂಜೆಕ್ಷನ್ ಸಿಗಬೇಕು.

ನಿಮ್ಮ ಮನೆಗೆ ನೇರವಾಗಿ ಸಂಬಂಧಿಸಿದ್ದು ಬಿ12 ಎಂಬ ಜೀವಸತ್ವ. ಒಬ್ಬ ನಿವೃತ್ತ ಶಿಕ್ಷಕರನ್ನು ಮನೆಯವರು ನನ್ನ ಬಳಿ ಕರೆತಂದಿದ್ದರು. ಶುದ್ಧ ಸಸ್ಯಾಹಾರಿ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಆರು ತಿಂಗಳಿಂದ ಮಂಕಾಗಿದ್ದರು, ಸೊಸೆ ತನ್ನ ಪಿಂಚಣಿ ಹಣ ಕದಿಯುತ್ತಾಳೆ ಎಂದು ಅನುಮಾನ ಪಡುತ್ತಿದ್ದರು. ವಯಸ್ಸಿನ ಅರಳುಮರಳು ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ನಾಲಿಗೆ ಚಾಚಿ ಎಂದೆ. ಗಾಜಿನಂತೆ ನುಣುಪಾಗಿ, ಕೆಂಪಗಿತ್ತು. ಕಣ್ಣು ಮುಚ್ಚಿ ನಿಲ್ಲಿ ಎಂದಾಗ ವಾಲಿ ಬೀಳುವಂತಾದರು. ಕಾಲ್ಬೆರಳ ಮೇಲೆ ಕಂಪನದ ಕವೆಗೋಲು ಇಟ್ಟರೆ ಅವರಿಗೆ ಏನೂ ತಿಳಿಯಲಿಲ್ಲ. ಹಿಮೋಗ್ಲೋಬಿನ್ ಮಾತ್ರ ಸರಿಯಾಗಿಯೇ ಇತ್ತು. ಬಿ12 ತೀರಾ ಕೆಳಗಿತ್ತು. ಇಂಜೆಕ್ಷನ್ ಶುರು ಮಾಡಿದ ಮೇಲೆ ವಾರಗಳಲ್ಲಿ ಅನುಮಾನ ಕರಗಿತು. ಮೂರನೆಯ ಭೇಟಿಗೆ ಸೊಸೆಯ ಜೊತೆಗೇ ಬಂದರು. ಪಾದದ ಜೋಮು ಪೂರ್ತಿ ಹೋಗಲಿಲ್ಲ, ಅಷ್ಟು ತಡವಾಗಿತ್ತು. ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆ ನರಕ್ಕೆ, ಮನಸ್ಸಿಗೆ ಪೆಟ್ಟು ಕೊಡಬಲ್ಲದು ಎಂಬುದನ್ನು ಲಿಂಡೆನ್‌ಬಾಮ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದರು: ಬಿ12 ಕೊರತೆಯಿಂದ ಇಂಥ ತೊಂದರೆಯಾಗಿದ್ದ 141 ಮಂದಿಯಲ್ಲಿ 40 ಮಂದಿಗೆ ರಕ್ತಹೀನತೆಯಾಗಲಿ, ರಕ್ತಕಣ ಹಿಗ್ಗುವುದಾಗಲಿ ಇರಲೇ ಇಲ್ಲ.

ಸಸ್ಯಾಹಾರಿ ಮನೆಯಲ್ಲಿ ಬಿ12 ಸಿಗುವ ಮುಖ್ಯ ದಾರಿ ಹಾಲು, ಮೊಸರು, ಮಜ್ಜಿಗೆ. ಆ ದಾರಿಯನ್ನೂ ಈ ಪಥ್ಯ ಮುಚ್ಚಿದೆ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಹತ್ತು ದಿನದಲ್ಲಿ ಏನೂ ಆಗದು, ವರ್ಷಗಟ್ಟಲೆ ನಡೆದರೆ ಆಗುತ್ತದೆ. ನಾಳೆ ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವಾಗಲೇ ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡದ ಕ್ರಿಯಾಟಿನಿನ್, ಕ್ಯಾಲ್ಸಿಯಂ, ಸಕ್ಕರೆ, ಕೊಬ್ಬಿನ ಪರೀಕ್ಷೆಗಳನ್ನೂ ವೈದ್ಯರನ್ನು ಕೇಳಿ ಮಾಡಿಸಿಬಿಡಿ. ಲಿಥಿಯಂ ಥೈರಾಯ್ಡನ್ನು ಕುಗ್ಗಿಸಬಹುದು. ಥೈರಾಯ್ಡ್ ಕುಗ್ಗಿದರೆ ಮಂಕುತನವೂ ಬರುತ್ತದೆ, ತೂಕವೂ ಏರುತ್ತದೆ. ನೀವು ಊಟದ ತಪ್ಪು ಎಂದುಕೊಂಡದ್ದು ಅದಾಗಿರಲೂಬಹುದು.

ಈಗ ತೆಳುವಾದ ಎಳೆಯ ಮಾತು. ಒಳ್ಳೆಯ ಊಟದಿಂದ ಖಿನ್ನತೆ ಕಡಿಮೆಯಾಗುತ್ತದೆಯೇ? ಆಸ್ಟ್ರೇಲಿಯಾದಲ್ಲಿ ಫೆಲೀಸ್ ಜಾಕಾ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಖಿನ್ನತೆ ಇದ್ದ, ಊಟವೂ ಸರಿಯಿಲ್ಲದ 67 ವಯಸ್ಕರು. ಅರ್ಧದಷ್ಟು ಮಂದಿಗೆ 12 ವಾರ ಆಹಾರತಜ್ಞರ ಮಾರ್ಗದರ್ಶನ: ತರಕಾರಿ, ಹಣ್ಣು, ಇಡೀ ಧಾನ್ಯ, ಬೇಳೆಕಾಳು, ಬೀಜಗಳು, ಮೀನು, ಆಲಿವ್ ಎಣ್ಣೆ. ಉಳಿದವರಿಗೆ ಅಷ್ಟೇ ಹೊತ್ತು ಸ್ನೇಹದ ಮಾತುಕತೆ. ಕೊನೆಯಲ್ಲಿ ಊಟ ಬದಲಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಖಿನ್ನತೆ ಇಳಿದಿತ್ತು. ಮತ್ತೊಂದು ಗುಂಪಿನಲ್ಲಿ ಶೇ 8ರಷ್ಟು ಮಂದಿಯದು. ಚಿಕ್ಕ ಪ್ರಯೋಗ, ಯಾರು ಯಾವ ಗುಂಪಿನಲ್ಲಿದ್ದೇವೆ ಎಂಬುದು ಭಾಗವಹಿಸಿದವರಿಗೆ ಗೊತ್ತಿತ್ತು, ಆದ್ದರಿಂದ ಅಂಕಿಯನ್ನು ಹಾಗೆಯೇ ನುಂಗಬಾರದು. ಆದರೆ ವಿಡಿಯೊಗಳಲ್ಲಿ ಯಾರೂ ಹೇಳದ ಒಂದು ವಿಷಯವಿದೆ: ಅವರಲ್ಲಿ ಹೆಚ್ಚಿನವರು ಆಗಲೇ ಮಾತ್ರೆಯನ್ನೋ ಆಪ್ತಸಮಾಲೋಚನೆಯನ್ನೋ ಪಡೆಯುತ್ತಿದ್ದರು. ಊಟ ಚಿಕಿತ್ಸೆಯ ಜೊತೆಗೆ ಬಂದಿತ್ತು, ಅದರ ಜಾಗಕ್ಕೆ ಬಂದಿರಲಿಲ್ಲ. ಮತ್ತು ಅದು ಖಿನ್ನತೆಯ ಅಧ್ಯಯನ. ನಿಮ್ಮ ಮಗನ ಕಾಯಿಲೆಯದ್ದಲ್ಲ.

ಊಟದ ಸಾರವನ್ನು ಗುಳಿಗೆಯಲ್ಲಿ ತುಂಬಿ ಕೊಟ್ಟರೆ? ಯುರೋಪಿನ ನಾಲ್ಕು ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಒಮೆಗಾ-3, ಫೋಲಿಕ್ ಆಮ್ಲ, ವಿಟಮಿನ್ ಡಿ ಎಲ್ಲವನ್ನೂ ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶ: ಖಿನ್ನತೆ ತಡೆಯಲಿಲ್ಲ. ಅಮೆರಿಕದಲ್ಲಿ 50 ದಾಟಿದ 18 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ವಿಟಮಿನ್ ಡಿ ಕೊಟ್ಟರೂ ಅಷ್ಟೇ. ಕೊರತೆ ಇದ್ದರೆ ತುಂಬಬೇಕು, ಇಲ್ಲದಿದ್ದರೆ ಆ ದುಡ್ಡಿಗೆ ಬಾಳೆಹಣ್ಣು ಕೊಳ್ಳಿ. ಹೊಟ್ಟೆಯಲ್ಲೇ ಸೆರೊಟೋನಿನ್ ತಯಾರಾಗುತ್ತದೆ, ಆದ್ದರಿಂದ ಇಂಥದ್ದು ತಿಂದರೆ ಮನಸ್ಸು ಅರಳುತ್ತದೆ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಕರುಳಿನಲ್ಲಿರುವುದು ನಿಜ. ಆದರೆ ಅದು ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ.

ಸಿರಿಧಾನ್ಯದ ಮೇಲೆ ನನಗೇನೂ ಕೋಪವಿಲ್ಲ. ನವಣೆ, ಸಾವೆ ಒಳ್ಳೆಯ ಧಾನ್ಯಗಳು, ನಾರು ಹೆಚ್ಚು, ನಿಮ್ಮ ಸೀಮೆಯ ಹೊಲದಲ್ಲೇ ಬೆಳೆಯುತ್ತವೆ. ಮಗ ಇಷ್ಟಪಟ್ಟರೆ ಅನ್ನದ ಬದಲು ನವಣೆ ಅನ್ನ ಮಾಡಿ. ಔಷಧ ಎಂದು ಮಾತ್ರ ಕೊಡಬೇಡಿ. ಬರೀ ಗಂಜಿ, ರಸದ ಮೇಲೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ 1944–45ರ ಮಿನೆಸೋಟ ಪ್ರಯೋಗವಿದೆ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಗಟ್ಟಿಮನಸ್ಸಿನ ಆ ಹುಡುಗರು ಖಿನ್ನರಾದರು, ಸಿಡುಕರಾದರು, ಒಬ್ಬರೊಡನೊಬ್ಬರು ಮಾತು ಬಿಟ್ಟರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದುತ್ತ ಕೂತರು. ಗಟ್ಟಿ ಮನಸ್ಸಿಗೇ ಹೀಗಾದರೆ, ಕಷ್ಟಪಟ್ಟು ಸಮತೋಲಕ್ಕೆ ಬಂದ ಮನಸ್ಸನ್ನು ಹಸಿವಿಗೆ ಒಡ್ಡಬಾರದು. ನಿದ್ದೆ, ಊಟದ ಹೊತ್ತು ಏರುಪೇರಾಗುವುದೇ ಬೈಪೋಲಾರ್ ಕಾಯಿಲೆಯನ್ನು ಕೆರಳಿಸಬಲ್ಲದು.

ತೂಕದ ವಿಷಯ ಬೇರೆ, ಮತ್ತು ಅದು ನಿಜವಾದ ತೊಂದರೆ. ಅವನು ಸಂಬಂಧಿಕರ ಮಾತಿಗೆ ಕಿವಿಗೊಟ್ಟದ್ದು ಈ 14 ಕಿಲೊದ ನೋವಿನಿಂದ ಎಂದು ನನಗೆ ಅನ್ನಿಸುತ್ತದೆ. ಓಲಾಂಜಪೈನ್ ಹಸಿವನ್ನು ಹೆಚ್ಚಿಸುತ್ತದೆ, ಹೊಟ್ಟೆ ತುಂಬಿತು ಎಂಬ ಸೂಚನೆಯನ್ನು ಮಂಕಾಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಅವನು ಅಡುಗೆಮನೆಯ ಡಬ್ಬಿ ತೆಗೆಯುತ್ತಿದ್ದರೆ ಅದು ನಾಲಿಗೆ ಚಪಲವಲ್ಲ. ಬೈಯಬೇಡಿ. ಇದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ: ಮಾತ್ರೆಯ ಪ್ರಮಾಣ ಇಳಿಸಬಹುದೇ, ತೂಕ ಅಷ್ಟಾಗಿ ಏರಿಸದ ಬೇರೆ ಮಾತ್ರೆಗೆ ನಿಧಾನವಾಗಿ ಬದಲಿಸಬಹುದೇ, ಮೆಟ್‌ಫಾರ್ಮಿನ್ ಜೊತೆಗೂಡಿಸಬಹುದೇ ಎಂದು ಅವರು ನೋಡುತ್ತಾರೆ. ಹಾಗೆ ಬದಲಿಸಿ ಲುರಾಸಿಡೋನ್ ಎಂಬ ಮಾತ್ರೆ ಬರೆದುಕೊಟ್ಟರೆ ಒಂದು ಮಾತು ನೆನಪಿಡಿ, ಅದನ್ನು ಕನಿಷ್ಠ 350 ಕ್ಯಾಲೊರಿಯ ಊಟದೊಂದಿಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ತಿಂದರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.

ಲಿಥಿಯಂನಿಂದ ಬಾಯಾರಿಕೆ ಹೆಚ್ಚುತ್ತದೆ. ಆ ಬಾಯಾರಿಕೆಗೆ ಅವನು ಅಂಗಡಿಯಲ್ಲಿ ಕೂತು ತಂಪು ಪಾನೀಯದ ಬಾಟಲಿ ತೆರೆಯುತ್ತಿದ್ದರೆ, ತೂಕದ ಒಂದು ಪಾಲು ಅಲ್ಲಿಂದಲೇ ಬಂದಿರುತ್ತದೆ. ನೀರು, ತೆಳು ಮಜ್ಜಿಗೆ ಕಳುಹಿಸಿ. ಉಳಿದಂತೆ ನಿಮ್ಮ ತಟ್ಟೆಯನ್ನು ಕಿತ್ತು ಹೊಸದನ್ನು ತರುವ ಅಗತ್ಯ ನನಗೆ ಕಾಣುವುದಿಲ್ಲ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪೋ ಪುಂಡಿಪಲ್ಯವೋ, ಹಸಿ ಸೌತೆ, ಮೂಲಂಗಿ, ಅಗಸೆ ಚಟ್ನಿ, ಮೊಸರು: ಆ ಆಸ್ಟ್ರೇಲಿಯಾದ ಊಟದ ಪಟ್ಟಿಯ ಪಕ್ಕದಲ್ಲಿಟ್ಟರೆ ಇದು ತಲೆ ತಗ್ಗಿಸಬೇಕಾದ ತಟ್ಟೆಯಲ್ಲ. ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ತರಕಾರಿ, ಹಣ್ಣಿಗೆ ದಿನಕ್ಕೆ 500 ಗ್ರಾಂ, ಧಾನ್ಯಕ್ಕೆ ಅದರ ಅರ್ಧ. ಹಾಗಾಗಿ ಪಲ್ಯ ಹೆಚ್ಚಲಿ, ರೊಟ್ಟಿ ಒಂದು ಕಡಿಮೆಯಾಗಲಿ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಇಳಿಸಿ. ಅವನ ಮನಸ್ಸಿಗಾಗಿ ಅಲ್ಲ, ಸೊಂಟಕ್ಕಾಗಿ. ಚಹಾ ಮೊದಲಿನಷ್ಟೇ ಮತ್ತೆ ಕೊಡಿ, ಕಡಿಮೆ ಮಾಡುವುದಿದ್ದರೆ ವೈದ್ಯರಿಗೆ ತಿಳಿಸಿ ವಾರಗಳಲ್ಲಿ ಇಳಿಸಿ. ಉಪವಾಸ ನಿಮ್ಮ ಮನೆಯ ನಿಷ್ಠೆಯಾಗಿದ್ದರೆ ಹಾಲು, ಹಣ್ಣು, ನೀರು, ಉಪ್ಪು ಇರುವ ಫಲಾಹಾರಕ್ಕೆ ಇಳಿಸಿಕೊಳ್ಳಬಹುದೇ ಎಂದು ಅವನ ವೈದ್ಯರನ್ನು ಕೇಳಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ತಂದು ಕೊಡಬೇಡಿ, ಅವೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ.

ಆ ಸಂಬಂಧಿಕರೊಡನೆ ಜಗಳ ಬೇಡ. ಅವರನ್ನೂ ಮುಂದಿನ ಭೇಟಿಗೆ ಕರೆದುಕೊಂಡು ಹೋಗಿ, ಉಪ್ಪಿನ ವಿಷಯವನ್ನು ವೈದ್ಯರ ಬಾಯಿಂದಲೇ ಕೇಳಲಿ. ನಿಮ್ಮ ವೈದ್ಯರು ದೂರದಲ್ಲಿದ್ದು ತಕ್ಷಣ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಕರೆ ಉಚಿತ.

ಹೋಳಿಗೆ ಮಾಡಿ. ಮಧ್ಯಾಹ್ನದ ಊಟಕ್ಕೆ ಎರಡು, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಹುರಣದ ಕಟ್ಟಿನ ಸಾರು. ಎಲ್ಲರೂ ಅವನ ಜೊತೆಗೇ ಕೂತು ಉಣ್ಣಿ. ನೀವೂ ಅಮ್ಮ, ಬಡಿಸಿ ಮುಗಿದ ಮೇಲೆ ಅಲ್ಲ, ಅವನ ಪಕ್ಕದಲ್ಲೇ. ಉಳಿದ ಹೋಳಿಗೆಯನ್ನು ಡಬ್ಬಿಯಲ್ಲಿ ಇಡದೆ ನೆರೆಮನೆಗೆ ಕಳುಹಿಸಿಬಿಡಿ. ರಾತ್ರಿ ಹನ್ನೊಂದರ ಹಸಿವಿಗೆ ಒಂದು ಹಿಡಿ ಹುರಿದ ಕಡಲೆ, ಒಂದು ಲೋಟ ಮಜ್ಜಿಗೆ ಸಿದ್ಧವಿರಲಿ.